ಚಪ್ಪಾಳೆ ಬಿದ್ದರೆ ಒಂದು ಕಟ್ಟು

ಹವ್ಯಾಸ ಇಟ್ಟುಕೊಳ್ಳಬಹುದು, ಅದನ್ನು ಮನೆಯವರಿಗೆ ವಿವರಿಸಲು ಮಾತ್ರ ಹೋಗಬಾರದು. ಅರ್ಧ ವಿವರಿಸುವಷ್ಟರಲ್ಲಿ ನಮಗೇ ಅನುಮಾನ ಶುರುವಾಗುತ್ತದೆ. ನಿಪ್ಪಾಣಿಯಲ್ಲಿ ಶಾಲೆಯ ಮಕ್ಕಳಿಗೆ ವಹಿ-ಪೆನ್ನು ಮಾರಿಕೊಂಡಿರುವ ನಾನು ಕೂಡಿಡುವುದು ಹಳೆಯ ವಿಲಾಯತಿ ರಾಕ್ ಸಂಗೀತ ಕಚೇರಿಗಳ ಅವಶೇಷಗಳನ್ನು. ಅರ್ಧ ಹರಿದ ಟಿಕೆಟ್ಟು, ಬಣ್ಣ ಹೋದ ಪೋಸ್ಟರು, ಯಾರೋ ಹಾಕಿ ಬೆವರಿದ ಟೀ ಶರ್ಟು, ಕಚೇರಿ ನಡೆಯುವಾಗಲೇ ಕದ್ದು ಮುದ್ರಿಸಿದ ಕ್ಯಾಸೆಟ್ಟು. "ಆ ಊರಿಗೆ ನೀವು ಹೋಗಿಲ್ಲ, ಅವರ ಪದ ನಿಮಗ ತಿಳಿಯಂಗಿಲ್ಲ. ಮುಗದ್ಹೋದ ಆಟದ ತಿಕೀಟು ತಗೊಂಡು ಏನ್ ಮಾಡ್ತೀರಿ?" ಎಂದು ಹೆಂಡತಿ ಕೇಳುತ್ತಾಳೆ. ಆ ಉತ್ತರ ನನಗೂ ಬೇಕಾಗಿದೆ.

ಇವುಗಳಲ್ಲೆಲ್ಲ ಕೊಲ್ಹಾಪುರದ ಗುಜರಿಯಲ್ಲಿ ಸಿಕ್ಕ ಒಂದು ಕ್ಯಾಸೆಟ್ಟು ನನ್ನ ಜೀವ. ಯಾರೋ ಪುಣ್ಯಾತ್ಮ ಕೋಟಿನೊಳಗೆ ಯಂತ್ರ ಬಚ್ಚಿಟ್ಟುಕೊಂಡು ಮುದ್ರಿಸಿದ್ದು. ಹಾಡಿಗಿಂತ ಚಪ್ಪಾಳೆಯೇ ದೊಡ್ಡದು. ಮೊಬೈಲಿಗೆ ಇಳಿಸಿಕೋ ಎಂದವರಿಗೆಲ್ಲ, "ನಕಲಾದರೆ ಅದು ಅಪರೂಪ ಹೇಗಾದೀತು?" ಎಂದು ಗತ್ತಿನಿಂದ ಹೇಳುತ್ತಿದ್ದೆ. ಹೋದ ತಿಂಗಳು ಎದುರುಮನೆಯ ಶಾಂತಾ ಮಾವಶಿಯ ರೇಡಿಯೊ ಕೆಟ್ಟಿತು. ಓಣಿಯ ಹೆಂಗಸರೆಲ್ಲ ಮಾವಶಿಯ ಪಡಸಾಲೆಯಲ್ಲಿ ಕೂತು ಬೀಡಿ ಕಟ್ಟುತ್ತಾರೆ. ಕಿವಿಗೆ ಏನಾದರೂ ಬೀಳದಿದ್ದರೆ ಅವರ ಕೈ ಓಡುವುದಿಲ್ಲ. ನನ್ನ ಹೆಂಡತಿ ಕನಿಕರಪಟ್ಟು ನನ್ನ ಟೇಪ್ ರೆಕಾರ್ಡರ್ ಕೊಟ್ಟುಬಿಟ್ಟಳು, ಒಳಗಿದ್ದ ಕ್ಯಾಸೆಟ್ಟಿನ ಸಮೇತ.

ವಿಷಯ ತಿಳಿದವನೇ ಎದ್ದೆನೋ ಬಿದ್ದೆನೋ ಎಂದು ಓಡಿದೆ. ಹಳೆಯ ಟೇಪು, ದಿನವಿಡೀ ತಿರುಗಿದರೆ ಸವೆದು ಹರಿದೇ ಹೋದೀತು. ಅಲ್ಲಿ ಮೊರ ಮಡಿಲಲ್ಲಿಟ್ಟುಕೊಂಡ ಹೆಂಗಸರು ಶ್ರದ್ಧೆಯಿಂದ ಕೇಳುತ್ತಿದ್ದರು.

"ಯಾಂವ ಏನ್ ಒದರ್ತಾನೋ ತಿಳಿಯಂಗಿಲ್ಲ ತಮ್ಮಾ," ಎಂದಳು ಮಾವಶಿ. "ಖರೆ ಆಂವ ಮುಗಿಸಿದ ಕೂಡಲೆ ಮಂದಿ ಚಪ್ಪಾಳಿ ಹೊಡಿತಾರ ನೋಡು, ಆವಾಗ ನಾವೊಂದು ಕಟ್ಟು ಬಿಗಿತೀವಿ. ಸಣ್ಣಾಕಿ ಇದ್ದಾಗಿಂದ ಬೀಡಿ ಕಟ್ಟಾಕತ್ತೀನಿ. ಇಷ್ಟು ದಿನಾ ಒಬ್ಬರರ ಚಪ್ಪಾಳಿ ಹೊಡದಾರೇನು?"

ಅದರ ಬದಲಿಗೆ ಮನೆಯಿಂದ ಇನ್ನೊಂದು ಕ್ಯಾಸೆಟ್ಟು ತಂದು ಹಾಕಿದೆ. ಸ್ಟುಡಿಯೋದಲ್ಲಿ ಮುದ್ರಿಸಿದ್ದು, ಹಾಲಿನಂಥ ಧ್ವನಿ. ಹಾಡು ಮುಗಿಯಿತು. ದಾರ ಹಿಡಿದ ಕೈಗಳು ಹಾಗೇ ನಿಂತವು.

"ಇದ್ರಾಗ ಮಂದೀನ ಇಲ್ಲಲ್ಲೋ! ನಿಂದು ನೀನ ಒಯ್ಯಿ," ಎಂದಳು ಮಾವಶಿ. "ಮದಲಿಂದು ಬೇಕಂದ್ರ ಮೊಬೈಲಿನ್ಯಾಗ ತುಂಬ್ಕೊಂಡು ಹೋಗು. ನಕಲ ನಿನಗ, ಅಸಲ ನಮಗ."

ಪಡಸಾಲೆ ನಕ್ಕಿತು. ಕ್ಯಾಸೆಟ್ಟು ನನ್ನದು, ದಾನ ಅವರದು! ಹಳೆಯದನ್ನೇ ಮತ್ತೆ ಹಾಕಿ, ಮೊಬೈಲಿನಲ್ಲಿ ರೆಕಾರ್ಡಿಂಗ್ ಚಾಲೂ ಮಾಡಿ ಹೊಸ್ತಿಲ ಬಳಿ ಕೂತೆ. ಹಾಡು ಮುಗಿಯಿತು, ಚಪ್ಪಾಳೆ ಎದ್ದಿತು, ದಾರಗಳು ಬಿಗಿದವು. ನಾನೂ ಚಪ್ಪಾಳೆ ಹೊಡೆದೆ. ಹಾಡಿದವನಿಗೋ, ಕಟ್ಟಿದವರಿಗೋ, ಕದ್ದು ಮುದ್ರಿಸಿದವನಿಗೋ ಇವತ್ತಿಗೂ ಬಗೆಹರಿದಿಲ್ಲ.

ಸಂಜೆ ಮನೆಯಲ್ಲಿ ಮೊಬೈಲಿನ ಆ ನಕಲು ಹಚ್ಚಿ ಕೇಳಿದರೆ ಹಾಡುಗಾರ ಎಲ್ಲೋ ದೂರದಲ್ಲಿದ್ದ. ಹತ್ತಿರ ಕೇಳಿಸಿದ್ದು ಕತ್ತರಿಯ ಸದ್ದು, ಬಳೆ, ಕೆಮ್ಮು, "ಏ ಸುರೇಖಾ, ಎಲಿ ಈಕಡೆ ದೂಡ" ಎಂಬ ಮಾತು. ಇದನ್ನು ಯಾವ ಕಚೇರಿಯ ಲೆಕ್ಕಕ್ಕೆ ಸೇರಿಸಲಿ ಎಂದು ತಲೆ ಕೆರೆದುಕೊಂಡೆ. ನನ್ನ ಸಂಗ್ರಹದ ಕಡೆ ತಿರುಗಿಯೂ ನೋಡದ ಹೆಂಡತಿ ಪಕ್ಕದಲ್ಲಿ ಕೂತು ಪೂರ್ತಿ ಕೇಳಿದಳು.

"ಇದು ಛಲೋ ಐತ್ರಿ," ಎಂದಳು. "ಆದ್ರ ಎಲ್ಲಾರೂ ನಿಲ್ಲಿಸಿದ ಮ್ಯಾಲೂ ಒಬ್ಬಾಂವ ಹೊಡ್ಕೋತ ಕುಂತಾನಲ್ಲ, ಯಾರಾಂವ ಹುಚ್ಚ?"

"ಯಾರೋ ವಿಲಾಯತಿಯಾಂವ ಇರಬೇಕು," ಎಂದೆ.