ದಿವಾಳಿ ಗಂಗಣ್ಣನ ಸ್ಕೂಟರು

ಕಾನೂನಿನ ವಿಷಯದಲ್ಲಿ ನಮ್ಮ ಹೊನ್ನವಳ್ಳಿಯಲ್ಲಿ ನನ್ನಷ್ಟು ತಿಳಿದವರಿಲ್ಲ ಎಂದು ನಾನು ಮನಸಾರೆ ನಂಬಿದ್ದೆ.

ತಿಪಟೂರಿನ ಮಂಡಿ ಗಂಗಣ್ಣ ಅರ್ಧ ಊರಿನ ಕೊಬ್ಬರಿ ತುಂಬಿಸಿಕೊಂಡು, ದುಡ್ಡು ಕೊಡಲಾರದೆ, ಕೋರ್ಟಿಗೆ ದಿವಾಳಿ ಅರ್ಜಿ ಹಾಕಿದ. ನಾನೇನು ದಡ್ಡನೇ? ಅರ್ಜಿಗೆ ಇನ್ನೂ ಒಂದು ತಿಂಗಳಿರುವಾಗಲೇ ವಾಸನೆ ಹಿಡಿದು, ನನ್ನ ಬಾಕಿಗೆಂದು ಅವನ ಸ್ಕೂಟರನ್ನೇ ಮನೆಗೆ ತಂದಿದ್ದೆ. ಹೆಸರು ಬರೆಸಿ ವರ್ಷಗಟ್ಟಲೆ ಕಾದರೂ ಸ್ಕೂಟರ್ ಸಿಗದ ಕಾಲವದು! ನಮ್ಮಾಕೆ ಅದರ ಹಿಂದೆ ಕೂತು ನೊಣವಿನಕೆರೆಯ ತವರಿಗೆ ಹೋದರೆ ಬೀದಿಯ ಜನವೆಲ್ಲ ಬಾಗಿಲಿಗೆ ಬರುತ್ತಿದ್ದರು.

ಅಲ್ಲಿಗೇ ಸುಮ್ಮನಿರಬಹುದಿತ್ತು. ಆದರೆ ನಾನು ಸ್ಕೂಟರ್ ತಂದ ವಾರವೇ ಪಕ್ಕದ ಮನೆ ರುದ್ರಪ್ಪ, ತನ್ನ ಬಾಕಿಗೆಂದು ಮಂಡಿಯ ಕಬ್ಬಿಣದ ಬೀರುವನ್ನು ಗಾಡಿಯಲ್ಲಿ ಹೇರಿಕೊಂಡು ಬಂದಿದ್ದ. ನನಗೆ ಹೊಟ್ಟೆ ಉರಿಯಿತು. ಎಲ್ಲರಿಗೂ ಸೇರಬೇಕಾದ ಬೀರು ಅವನೊಬ್ಬನಿಗೇಕೆ? ಕೋರ್ಟಿಗೆ ಹೋದೆ. ಪುರಾವೆ ಸಾಲದೆಂದು ಸೋತೆ. ಹೈಕೋರ್ಟಿಗೆ ಹೊರಟೆ.

"ನಮ್ ಸ್ಕೂಟ್ರು ನಮ್ಮತ್ರ ಐತಲ್ಲ, ಬುಡ್ರೀ ಅತ್ಲಾಗೆ" ಅಂದಳು ನಮ್ಮಾಕೆ.

"ನ್ಯಾಯದ ವಿಷ್ಯ ಕಣೇ. ನಿಂಗೊತ್ತಾಗಲ್ಲ."

ಅರ್ಜಿಗೆ ಮುಂಚೆ ಗಂಗಣ್ಣ ಕೆಲವರಿಗೇ ಸಾಮಾನು ಹಂಚಿದ್ದಕ್ಕೆ ಪುರಾವೆ ಬೇಕೆಂದರು ಬೆಂಗಳೂರಿನ ವಕೀಲರು. ಪುರಾವೆಗೇನು ಬರ! ನನ್ನ ಸ್ಕೂಟರಿನ ನಂಬರು, ತಂದ ತಾರೀಕು, ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆಸಿದೆ.

ವಕೀಲರು ಕನ್ನಡಕ ತೆಗೆದರು. "ಇದೂ ಇರ್ಬೇಕಾ? ಯೋಚನೆ ಮಾಡಿ."

"ಇರ್ಲಿ ಸಾರ್, ಗಟ್ಟಿಯಾಗಿರ್ಲಿ" ಎಂದು ಸಹಿ ಜಡಿದೆ.

ಗೆದ್ದೆವು! ಅಷ್ಟು ಕೇಳಿದ್ದೇ ತಡ, ಮಿಕ್ಕ ತೀರ್ಪು ಕೇಳುವ ಪುರಸೊತ್ತಿಲ್ಲದೆ ಬಸ್ಸು ಹತ್ತಿದೆ. ತಿಪಟೂರಿನಲ್ಲಿ ಮೈಸೂರುಪಾಕು ಕಟ್ಟಿಸಿ, ಸ್ಕೂಟರಿಗೆ ಹಾರ ಹಾಕಿ, ಊರೆಲ್ಲ ಸುತ್ತಿದೆ. ಮೊದಲ ತುಂಡನ್ನು ರುದ್ರಪ್ಪನ ಕೈಗೇ ಇಟ್ಟೆ.

ಎಂಟು ದಿನಕ್ಕೆ ಕೋರ್ಟಿನ ಅಮೀನರು ಗಾಡಿ ಸಮೇತ ಬಂದರು. ಬೀರು ಗಾಡಿ ಏರುವುದನ್ನು ಕಣ್ತುಂಬ ನೋಡಿದೆ. ಆಮೇಲೆ ಅಮೀನರು ನಮ್ಮ ಜಗಲಿಗೆ ಬಂದರು.

"ಅರ್ಜಿಗೆ ಮುಂಚೆ ಮೂರು ತಿಂಗಳಲ್ಲಿ ಯಾರ್ಯಾರು ಏನೇನು ತಗೊಂಡವ್ರೋ ಎಲ್ಲಾ ವಾಪಸ್ ಕೊಡ್ಬೇಕು ಅಂತ ತೀರ್ಪಾಗೈತೆ. ಸ್ಕೂಟರ್ ಕೀ ಕೊಡಿ."

"ಸ್ಕೂಟ್ರು ವಿಷ್ಯ ನಿಮಗ್ಯಾರು ಹೇಳಿದ್ದು?"

"ನೀವೇ ಕಣ್ರೀ. ಸಹಿ ಐತೆ."

ರುದ್ರಪ್ಪ ಹಗ್ಗ ಹಿಡಿದು ಓಡಿ ಬಂದ. "ಗಾಡೀಲಿ ಜಾಗ ಐತೆ ಕಣ್ಲಾ, ನಿಂದೂ ಹಾಕು."

ನಮ್ಮಾಕೆ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ನಾನು ಮಾರನೆಯ ದಿನವೇ ಬೆಂಗಳೂರಿಗೆ ಓಡಿ, ಈ ತೀರ್ಪಿನ ಮೇಲೆ ಕೂಡಲೇ ಅಪೀಲು ಹಾಕಬೇಕೆಂದು ಮೇಜು ಕುಟ್ಟಿದೆ.

"ಹೇಗ್ರೀ ಹಾಕೋದು?" ಅಂದರು ವಕೀಲರು. "ಗೆದ್ದಿರೋರು ನೀವು."