ಪರದೆಯ ಮುಂದಿನ ಸೀಟು

ಫಹೀಮ್ ತನ್ನ ಹೆಂಡತಿ ಕಮರುನ್ನೀಸಾಳನ್ನು ಪುಕ್ಕಟೆ ವಿಮಾನದಲ್ಲಿ ದೆಹಲಿಗೆ ಕರೆದುಕೊಂಡು ಹೋಗಿಬಂದ ದಿನದಿಂದ ಹಂಪಣ್ಣನಿಗೆ ಅನ್ನ ರುಚಿಸುತ್ತಿರಲಿಲ್ಲ. ಇಬ್ಬರೂ ಶಿವಾಜಿನಗರದ ಒಂದೇ ಕಟ್ಟಡದವರು. ಕೆಳಗೆ ಸೂಟ್‌ಕೇಸ್ ವ್ಯಾಪಾರಿ ಫಹೀಮ್, ಮೇಲೆ ಆಸ್ಪತ್ರೆಗಳ ಎಕ್ಸ್‌ರೇ ಯಂತ್ರ ರಿಪೇರಿ ಮಾಡುವ ಹಂಪಣ್ಣ. ಇಬ್ಬರ ಬಳಿಯೂ ಒಂದೇ ವಿಮಾನ ಕಂಪನಿಯ ಕಾರ್ಡಿತ್ತು. ಹಾರಿದಷ್ಟೂ ಅದರಲ್ಲಿ ಮೈಲು ಕೂಡುತ್ತಿತ್ತು, ಸಾಕಷ್ಟು ಕೂಡಿದರೆ ಟಿಕೆಟ್ಟು ಪುಕ್ಕಟೆ. ಹಂಪಣ್ಣನೂ ಹೆಂಡತಿ ಜಯಮಾಲಾಗೆ ದೆಹಲಿ ತೋರಿಸುತ್ತೇನೆಂದು ನಾಲ್ಕು ವರ್ಷದಿಂದ ಮೈಲು ಕೂಡಿಟ್ಟಿದ್ದ. ಈಗ ಹೋದರೆ ಫಹೀಮನನ್ನು ನೋಡಿ ಹೋದ ಹಾಗೆ. ಹೊಟ್ಟೆ ಉರಿಯದೆ ಇನ್ನೇನಾದೀತು?

ಸಾಲದ್ದಕ್ಕೆ ಫಹೀಮ್ ಮೆಟ್ಟಿಲ ಮೇಲೆ ಕೂತು ಬಂದವರಿಗೆಲ್ಲ ಮೈಲಿನ ಪಾಠ ಹೇಳುತ್ತಿದ್ದ. ಮೈಲು ಕೊಟ್ಟು ಮಿಕ್ಸಿ ತೆಗೆದುಕೊಳ್ಳುವವನು ದಡ್ಡನಂತೆ. ಮೈಲು ಕೊಟ್ಟು ಮುಂದಿನ ದೊಡ್ಡ ಸೀಟು ಹಿಡಿಯುವವನು ಶತದಡ್ಡನಂತೆ.

“ಮುಂದೆ ಕೂತ್ರೂ ಹಿಂದೆ ಕೂತ್ರೂ ಬಾಂಬೆ ಒಟ್ಟಿಗೇ ಬರುತ್ತಲ್ಲ, ಹಂಪಣ್ಣೋರೆ,” ಎಂದ. ಮನೆ ಮಾಲಕಿ ದೊಡ್ಡಮುನಿಯಮ್ಮ ಎಲೆ ಅಡಿಕೆ ಜಗಿಯುತ್ತ ತಲೆಯಾಡಿಸಿದಳು. ಆ ತಲೆಯಾಡಿಸಿದ್ದೇ ಹಂಪಣ್ಣನಿಗೆ ಚುಚ್ಚಿತು.

ಎರಡು ಸಾವಿರದ ನಾಲ್ಕರ ಆಷಾಢದಲ್ಲಿ ಒಂದು ಸೋಮವಾರ ಇಬ್ಬರಿಗೂ ಮುಂಬೈಗೆ ಒಂದೇ ವಿಮಾನ ಬಿತ್ತು. ತಾನು ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತಿರಬೇಕು, ಫಹೀಮ್ ಬ್ಯಾಗು ಹೊತ್ತು ಪಕ್ಕದಲ್ಲೇ ಹಿಂದಕ್ಕೆ ನಡೆದುಹೋಗಬೇಕು. ಹಂಪಣ್ಣನಿಗೆ ಬೇಕಾದದ್ದು ಇಷ್ಟೇ. ಜಯಮಾಲಾಗೆ ಹೇಳದೆ ಇದ್ದಬದ್ದ ಮೈಲನ್ನೆಲ್ಲ ಸುರಿದು ದೊಡ್ಡ ಸೀಟು ಹಿಡಿದ.

ನಿಲ್ದಾಣದಲ್ಲಿ ಮೊದಲೇ ಕಣ್ಣಿಗೆ ಬಿದ್ದರೆ ಮಜಾ ಹೋಗುತ್ತದೆಂದು ದೊಡ್ಡ ಸೀಟಿನವರ ಕೋಣೆಯಲ್ಲಿ ಅಡಗಿ ಕೂತ. ಎಲ್ಲರಿಗಿಂತ ಮೊದಲು ವಿಮಾನ ಹತ್ತಿದ. ಕೈಗೆ ಬಂದ ಜ್ಯೂಸನ್ನು ಕುಡಿಯದೆ, ಫಹೀಮನ ಕಣ್ಣಿಗೆ ಬೀಳುವ ಎತ್ತರದಲ್ಲಿ ಹಿಡಿದುಕೊಂಡು ಕಾದ. ಬಂದವರಿಗೆಲ್ಲ ಅರ್ಧ ನಕ್ಕು, ಅವನಲ್ಲವೆಂದು ತಿಳಿದು ಆ ನಗುವನ್ನು ನುಂಗಿದ. ಕೊನೆಗೆ ಕಿಟಕಿಯಿಂದ ನೋಡಿದರೆ ವಿಮಾನದ ಹಿಂಬಾಗಿಲಿಗೂ ಒಂದು ಏಣಿ. ಫಹೀಮ್ ಅದನ್ನು ಹತ್ತುತ್ತಿದ್ದ. ಅಷ್ಟರಲ್ಲಿ ಗಗನಸಖಿ ಬಂದು ನಡುವಿನ ಪರದೆ ಎಳೆದುಬಿಟ್ಟಳು.

ವಿಮಾನ ಮೇಲೇರಿದ್ದೇ ತಡ, ಹಂಪಣ್ಣ ಬಚ್ಚಲಿಗೆ ಹೋಗುವ ನೆಪದಲ್ಲಿ ಪರದೆಗೆ ಕೈ ಹಾಕಿದ.

“ಸರ್, ನಿಮ್ಮದು ಮುಂದಿದೆ,” ಎಂದು ಅವಳು ನಯವಾಗಿ ತಿರುಗಿಸಿದಳು. ಮತ್ತೆ ಎದ್ದ, ಮತ್ತೆ ತಿರುಗಿಸಿದಳು. ಮೂರನೆಯ ಸಲ ಪಾಪ ಹೊಟ್ಟೆ ಕೆಟ್ಟಿದೆಯೆಂದುಕೊಂಡು ಅವನ ತಿಂಡಿಯ ತಟ್ಟೆ ಎತ್ತಿಕೊಂಡು ಹೋಗಿ ನಿಂಬೆ ನೀರು ತಂದಿಟ್ಟಳು. ಮುಂಬೈಯಲ್ಲಿ ಅವನನ್ನೇ ಮೊದಲು ಇಳಿಸಿ ಬೇರೆ ವ್ಯಾನಿನಲ್ಲಿ ಸಾಗಿಸಿದರು. ಹೊರಗೆ ಆಸ್ಪತ್ರೆಯ ಡ್ರೈವರು ಕಾದಿದ್ದು ಎಳೆದುಕೊಂಡೇ ಹೋದ.

ಇತ್ತ ಫಹೀಮ್ ಬಸ್ಸಿನಲ್ಲಿ ಮಾಡುವಂತೆ ಪಕ್ಕದ ಖಾಲಿ ಸೀಟಿಗೆ ಕರ್ಚೀಫು ಹಾಸಿ ಹಂಪಣ್ಣನಿಗಾಗಿ ಹಿಡಿದಿಟ್ಟಿದ್ದ. ಬಾರದ್ದು ಕಂಡು ಗಾಬರಿಯಾಗಿ, ಮುಂಬೈಯಿಂದ ಕಮರುನ್ನೀಸಾಗೆ ಫೋನು ಮಾಡಿದ. ಅವಳು ದೊಡ್ಡಮುನಿಯಮ್ಮನಿಗೆ ಹೇಳಿದಳು, ಅಲ್ಲಿಂದ ಸುದ್ದಿ ಬಾಯಿಂದ ಬಾಯಿಗೆ ಬೆಳೆಯಿತು. ಮಧ್ಯಾಹ್ನಕ್ಕೆ ಹಂಪಣ್ಣ ವಿಮಾನ ತಪ್ಪಿಸಿಕೊಂಡಿದ್ದ. ನಾಲ್ಕು ಗಂಟೆಗೆ ನಿಲ್ದಾಣಕ್ಕೇ ಹೋಗಿರಲಿಲ್ಲ. ಸಂಜೆಯ ಹೊತ್ತಿಗೆ ಹಲಸೂರಿನಲ್ಲಿ ಅವನಿಗೆ ಇನ್ನೊಂದು ಸಂಸಾರವಾಗಿತ್ತು.

ಇದ್ಯಾವುದೂ ಗೊತ್ತಿಲ್ಲದ ಹಂಪಣ್ಣ ಅದೇ ದಿನ ಏಳು ಗಂಟೆಗೆ ವಾಪಸು ಬಂದಾಗ ಮೆಟ್ಟಿಲ ಮೇಲೆ ಕಟ್ಟಡವೇ ನೆರೆದಿತ್ತು. ಮೇಲಿನ ಬಾಗಿಲಲ್ಲಿ ಜಯಮಾಲಾ, ಅತ್ತು ಕೆಂಪಾದ ಕಣ್ಣು.

“ಬೆಳಿಗ್ಗೆಯಿಂದ ಎಲ್ಲಿದ್ರಿ?”

“ಮುಂಬೈಗೆ ಹೋಗಿದ್ದೆ ಕಣೇ.”

“ವಿಮಾನದಲ್ಲಿ ನೀವು ಇರ್ಲೇ ಇಲ್ಲ ಅಂತ ಫಹೀಮಣ್ಣ ಫೋನ್ ಮಾಡಿದ್ರು. ಯಾವ ಸೀಟಲ್ಲಿ ಕೂತಿದ್ರಿ? ಚೀಟಿ ತೋರ್ಸಿ.”

ಚೀಟಿ ಜೇಬಿನಲ್ಲೇ ಇತ್ತು. ಅದರ ಮೇಲೆ ದೊಡ್ಡ ಸೀಟಿನ ಗುರುತೂ ಇತ್ತು. ಫಹೀಮನ ಪಾಠ ಜಯಮಾಲಾ ಕೂಡ ಕೇಳಿದ್ದಳು. ದೆಹಲಿಯ ಮೈಲು ಎಲ್ಲಿ ಹೋಯಿತೆಂದು ನೋಡಿದೊಡನೆ ಗೊತ್ತಾಗುತ್ತಿತ್ತು. ಹಂಪಣ್ಣ ಯಾರ ಮನಸ್ಸಿಗೂ ನೋವಾಗದ ಒಂದು ಸುಳ್ಳಿಗಾಗಿ ತಡಕಾಡಿ, ಸಿಕ್ಕಿತೆಂದು ಉಸಿರು ಬಿಟ್ಟ.

“ವಿಮಾನ ತಪ್ಪೋಯ್ತು ಕಣೇ. ಹೇಳ್ಕೊಳ್ಳೋಕೆ ನಾಚಿಕೆಯಾಗಿ ದಿನವೆಲ್ಲ ಹಲಸೂರಲ್ಲಿದ್ದೆ.”

ಜಯಮಾಲಾ ಬಾಗಿಲು ಹಾಕಿ ಒಳಗಿನಿಂದ ಚಿಲಕ ಜಡಿದಳು.