ಮೀನು ಸಿಗುವ ದೇಶ

ನನ್ನ ಹೆಂಡತಿ ಸ್ವರ್ಣಲತಾಳಿಗೆ ಭೂಗೋಳ ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಇಡೀ ಜಗತ್ತನ್ನು ಅವಳು ಎರಡೇ ಪಾಲು ಮಾಡಿಟ್ಟಿದ್ದಾಳೆ: ಮೀನು ಸಿಗುವ ದೇಶಗಳು, ಮೀನು ಸಿಗದ ದೇಶಗಳು. ವಿಶ್ವಸಂಸ್ಥೆಯವರಿಗೂ ಇಷ್ಟು ಸಲೀಸಾಗಿ ಪಾಲು ಮಾಡಲು ಬಂದಿಲ್ಲ. ಆದರೆ ಈ ಪಾಲುಪಟ್ಟಿಯ ನಡುವೆ ಸಿಕ್ಕಿ ನನ್ನ ವಿದೇಶಯಾತ್ರೆಗೆ ಒದಗಿದ ಗತಿಯನ್ನು ನಾನು ಯಾರಲ್ಲಿ ಹೇಳಿಕೊಳ್ಳಲಿ? ಮನೆಯಲ್ಲಿ ಹೇಳುವಂತಿಲ್ಲ. ಆದ್ದರಿಂದ ನಿಮ್ಮಲ್ಲಿ ಹೇಳುತ್ತಿದ್ದೇನೆ.

ನಾನು ಮಂಗಳೂರಿನ ಉರ್ವದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ, ಹೆಸರು ಲೋಕನಾಥ. ನಾನು ಕಾಣದ ಹಿಮ, ಕಾಣದ ಚಿಮಣಿ, ತಿನ್ನದ ಸ್ಟ್ರಾಬೆರಿ, ಇವನ್ನೆಲ್ಲ ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದವನು. ಆದರೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯೇ ಬಾರದ ಒಬ್ಬನೇ ಒಬ್ಬ ಮನುಷ್ಯನೊಡನೆಯೂ ನಾನು ಮಾತಾಡಿದ್ದಿಲ್ಲ. ಹೆಡ್ಮಾಸ್ತರರ ಹತ್ತಿರ ಕನ್ನಡ, ಮನೆಯಲ್ಲಿ ತುಳು, ಬಸ್ಸಿನಲ್ಲಿ ಕಂಡಕ್ಟರ್ ಉಮರಬ್ಬನ ಹತ್ತಿರ ತುಳು, ಬ್ಯಾರಿ ಭಾಷೆ ಎರಡೂ ಕಲಸಿದ್ದು. ನನ್ನ ಇಂಗ್ಲಿಷು ನೆಂಟರಿಗೆಂದು ತೆಗೆದಿಟ್ಟ ಪಿಂಗಾಣಿ ಬಸಿಯ ಹಾಗೆ ಕಪಾಟಿನಲ್ಲೇ ಉಳಿದಿತ್ತು. ಆದಿತ್ಯವಾರ ಬಂದರೆ ಪಣಂಬೂರಿನ ಕಡಲ ಕರೆಗೆ ಹೋಗಿ, ಹೊಸ ಬಂದರಿನಿಂದ ಹೊರಡುವ ಹಡಗುಗಳನ್ನು ಕಣ್ಣಿಗೆ ಕಾಣುವಷ್ಟು ದೂರ ನೋಡುತ್ತಿದ್ದೆ. ಅವು ಹೋಗುವ ಕಡೆಗೆ ನಾನೂ ಹೋಗಬೇಕು, ಅಲ್ಲಿ ಯಾರಾದರೂ ನನ್ನ ಮಾತು ಕೇಳಿ ಅರ್ಥವಾಯಿತೆಂದು ತಲೆಯಾಡಿಸಬೇಕು ಎಂದು ಜೀವ ಹಂಬಲಿಸುತ್ತಿತ್ತು.

ಎಪ್ಪತ್ತೊಂಬತ್ತರಲ್ಲಿ ಆ ಯೋಗ ಬಂತು. ಆಫ್ರಿಕಾದ ಶಾಲೆಗಳಿಗೆ ಇಂಗ್ಲಿಷ್ ಮಾಸ್ತರರನ್ನು ಆರಿಸಲು ಒಬ್ಬ ಬಿಳಿ ಸಾಹೇಬರು ಹಂಪನಕಟ್ಟೆಯ ಹೋಟೆಲೊಂದರಲ್ಲಿ ಬಂದಿಳಿದಿದ್ದಾರೆ, ಜಾಂಬಿಯಾಕ್ಕೂ ನೈಜೀರಿಯಾಕ್ಕೂ ಜನ ಬೇಕಂತೆ ಎಂದು ಸುದ್ದಿ. ಹೆಂಡತಿಯನ್ನು ಕರೆದುಕೊಂಡು ಹೋಗಬಹುದು. ನಾನು ಶಾಲೆಯ ಅಟ್ಲಾಸನ್ನು ಮನೆಗೆ ತಂದು ಅಡಿಗೆಮನೆಯಲ್ಲಿ ಬಿಡಿಸಿದೆ.

"ಇದು ಜಾಂಬಿಯಾ," ಎಂದೆ.

"ಇದಕ್ಕೆ ಸಮುದ್ರ ಎಲ್ಲುಂಟು?"

"ಸಮುದ್ರ ಇಲ್ಲ. ಜಗತ್ಪ್ರಸಿದ್ಧ ಜಲಪಾತ ಉಂಟು."

"ಜಲಪಾತವನ್ನು ಮಸಾಲೆ ಅರೆದು ಗಸಿ ಮಾಡ್ಲಿಕ್ಕೆ ಆಗ್ತದಾ?"

"ಹಾಗಾದ್ರೆ ನೈಜೀರಿಯಾ. ನೋಡು, ಕೆಳಗೆ ಇಡೀ ಸಮುದ್ರ."

"ಶಾಲೆ ಸಮುದ್ರದ ಕರೆಯಲ್ಲೇ ಉಂಟಾ? ಮೇಲೆ ಈ ಹೊಯಿಗೆ ರಾಶಿಯಲ್ಲಿ ನಿಮ್ಮನ್ನು ಹಾಕಿದ್ರೆ ಎಂತ ಮಾಡುದು?" ಎಂದು ಅವಳು ಸಟ್ಟುಗದ ತುದಿಯಿಂದ ಸಹಾರಾ ಮರುಭೂಮಿಯನ್ನು ಮುಟ್ಟಿ ತೋರಿಸಿದಳು. ಸಹಾರಾಕ್ಕೆ ಸ್ವಲ್ಪ ಸಾರು ತಾಗಿತು.

"ನಿನಗೆ ಬರ್ಲಿಕ್ಕೆ ಮನಸ್ಸಿಲ್ಲ ಅಂತ ನೇರ ಹೇಳು."

"ನಾನು ಹಾಗೆ ಎಲ್ಲಿ ಹೇಳಿದೆ? ಮೀನು ಉಂಟಾ ಅಂತ ಕೇಳಿದ್ದು, ಅಷ್ಟೇ."

(ಇದೆಲ್ಲ ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ನನ್ನನ್ನು ಕುರಿತ ಕೆಲವು ವಿಶೇಷಣಗಳು ದಾರಿಯಲ್ಲಿ ಉದುರಿಹೋಗಿವೆ. ಹೋಗಲಿ.)

ಸಂದರ್ಶನಕ್ಕೆ ನಾನೂ ನಮ್ಮ ಶಾಲೆಯ ಇನ್ನೊಬ್ಬ ಇಂಗ್ಲಿಷ್ ಮಾಸ್ತರ ಗುಣಪಾಲರೂ ಒಟ್ಟಿಗೆ ಹೋದೆವು. ಗುಣಪಾಲರು ಜೈನರು, ಮೀನಿನ ರಗಳೆಯೇ ಇಲ್ಲದ ಪುಣ್ಯವಂತರು. ಮೊದಲು ನನ್ನನ್ನು ಒಳಗೆ ಕರೆದರು.

ಆ ಸಾಹೇಬರನ್ನು ನಾನು ಸಾಯುವ ತನಕ ಮರೆಯಲಾರೆ. ನಾನು ಮಾತಾಡಿದೆ, ಅವರಿಗೆ ಅರ್ಥವಾಯಿತು. ಅವರು ಮಾತಾಡಿದರು, ನನಗೂ ಮುಕ್ಕಾಲುಪಾಲು ಅರ್ಥವಾಯಿತು. ನಾನೊಂದು ತಮಾಷೆ ಹೇಳಿದೆ, ಅವರು ನಕ್ಕರು! ಇಂಗ್ಲಿಷಿನಲ್ಲಿ ನಾನು ಒಬ್ಬರನ್ನು ನಗಿಸಿದೆನಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಕೊನೆಗೆ ಅವರು, ನೀವು ನನಗೆ ಒಪ್ಪಿಗೆಯಾಗಿದ್ದೀರಿ, ಯಾವ ದೇಶಕ್ಕೆ ಹೋಗುತ್ತೀರಿ, ಜಾಂಬಿಯಾವೋ ನೈಜೀರಿಯಾವೋ, ನೀವೇ ಆರಿಸಿಕೊಳ್ಳಿ ಎಂದರು.

ನನ್ನ ನಾಲಿಗೆಯ ತುದಿಗೆ ಎರಡೂ ದೇಶಗಳು ಬಂದವು. ಹಿಂದೆಯೇ ಸಟ್ಟುಗವೂ ಬಂತು. "ಹೆಂಡತಿಯನ್ನು ಕೇಳಬೇಕು ಸರ್," ಎಂದೆ.

"ಇಲ್ಲಿಯೇ ಇದ್ದಾರಾ?"

"ವೆರಿ ನಿಯರ್, ಸರ್." (ಉರ್ವ ಹತ್ತಿರವೇ ತಾನೆ, ಸಿಟಿ ಬಸ್ಸು ಉಂಟು.)

"ಅಗತ್ಯ ಕೇಳಿ," ಎಂದರು. ನಾನು ಎದ್ದು ನಿಂತೆ. ಆಗಲೇ ವಿಧಿ ವಕ್ಕರಿಸಿದ್ದು. "ಹೋಗ್ತೇನೆ" ಎಂದು ನಮ್ಮಲ್ಲಿ ಹೆಣ ಕೂಡ ಹೇಳುವುದಿಲ್ಲ. "ಹೋಗಿ ಬರ್ತೇನೆ" ಎಂಬುದನ್ನು ಹಾಗೆಯೇ ಇಂಗ್ಲಿಷಿಗೆ ಇಳಿಸಿದ ತಪ್ಪಿಗಾಗಿ ನಾನು ಎಷ್ಟು ಮಕ್ಕಳ ಕಿವಿ ಹಿಂಡಿದ್ದೇನೋ ಲೆಕ್ಕವಿಲ್ಲ. ಆದರೂ ಇಷ್ಟು ಪ್ರೀತಿಯಿಂದ ಮಾತಾಡಿಸಿದ ಹಿರಿಯರ ಎದುರು ಅಪಶಕುನ ನುಡಿಯಲು ಬಾಯಿ ಬಾರದೆ, ಕೈಮುಗಿದು ಹೇಳಿದೆ: "ಐ ವಿಲ್ ಗೋ ಅಂಡ್ ಕಮ್, ಸರ್."

"ಗುಡ್, ಗುಡ್," ಎಂದು ಸಾಹೇಬರು ಕುರ್ಚಿಗೆ ಒರಗಿದರು. ನಾನು ಗುಣಪಾಲರಿಗೂ ಹೇಳದೆ ನೆಟ್ಟಗೆ ಉರ್ವದ ಬಸ್ಸು ಹತ್ತಿದೆ. ಹೆಣ್ಣು ನೋಡಲು ಬಂದವರು ಕೂಡ "ಮನೆಯಲ್ಲಿ ಕೇಳಿ ಹೇಳ್ತೇವೆ" ಎಂದು ಹೋದರೆ ವಾರ ಬಿಟ್ಟು ಉತ್ತರ ಕೊಡುವ ಊರು ನಮ್ಮದು. ಒಂದು ದೇಶ ಆರಿಸಲು ಒಂದು ರಾತ್ರಿಯಾದರೂ ಬೇಡವೆ? ಸ್ವರ್ಣಲತಾಳೂ ಎಲ್ಲ ಕೇಳಿ, "ಯೋಚನೆ ಮಾಡುವ," ಎಂದು ದೀಪ ಆರಿಸಿದಳು.

ಮರುದಿನ ಬೆಳಿಗ್ಗೆ ಶಾಲೆಯ ಜಗಲಿಯಲ್ಲೇ ಗುಣಪಾಲರು ನನ್ನನ್ನು ಹಿಡಿದರು.

"ನೀವು ಎಲ್ಲಿಗೆ ಹೋದದ್ದು ಮಾರಾಯ್ರೇ? ಸಾಹೇಬ್ರು ನಿಮ್ಮನ್ನು ಕಾದು ಕಾದು ಸಾಕಾದ್ರು."

"ನನ್ನನ್ನು ಕಾಯುದು ಯಾಕೆ?"

"ನೀವು ಹೆಂಡತಿಯನ್ನು ಕೇಳಿ ಈಗ ಬರ್ತೇನೆ ಅಂದಿರಂತೆ. ನಿಮ್ಮ ಹೆಂಡತಿ ಹೊರಗೆ ಜಗಲಿಯಲ್ಲಿ ಕೂತಿದ್ದಾರೆ ಅಂತ ಸಾಹೇಬ್ರ ಅಂದಾಜು. ನನ್ನನ್ನು ಕೂರಿಸಿ ಚಾ ತರಿಸಿದ್ರು. ಆಮೇಲೆ ಇನ್ನೊಂದು ಚಾ. ನಾನು ನಿಮ್ಮ ಬಗ್ಗೆ ಒಳ್ಳೆದೇ ಹೇಳಿದೆ ಮಾಸ್ಟ್ರೇ. ಬರ್ತೇನೆ ಅಂದವ್ರು ಬಂದೇ ಬರ್ತಾರೆ, ಮಾತಿಗೆ ತಪ್ಪುವ ಜನ ಅಲ್ಲ ಅಂದೆ."

"ಮತ್ತೆ?"

"ಮತ್ತೆ ಎಂತ, ಅವ್ರಿಗೆ ರೈಲಿಗೆ ಹೊತ್ತಾಯ್ತು." ಗುಣಪಾಲರು ನೆಲ ನೋಡಿದರು. "ಕಡೆಗೆ ನನಗೆ ಯಾವ ದೇಶ ಬೇಕು ಅಂತ ಕೇಳಿದ್ರು. ಯಾವುದಾದ್ರೂ ಆಗ್ತದೆ ಅಂದೆ. ನಿಮ್ಮ ಹೆಸರು ಹೊಡೆದು, ನನ್ನ ಹೆಸರಿಗೆ ನೈಜೀರಿಯಾ ಅಂತ ಬರ್ಕೊಂಡ್ರು."

ಆ ದಿನ ನಾನು ಯಾವ ಕ್ಲಾಸಿನಲ್ಲಿ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಸಂಜೆ ಮನೆಗೆ ಬಂದು ಎಲ್ಲ ಹೇಳಿದೆ. ಬೈಗುಳಕ್ಕೆ ಮೈಯೊಡ್ಡಿ ಕೂತರೆ ಬೈಗುಳವೇ ಬರಲಿಲ್ಲ. ಅವಳು ಬಾಗಿಲಿಗೊರಗಿ ಕೇಳಿದಳು:

"ನೀವು ಯಾವುದಾದ್ರೂ ಒಂದು ಹೆಸರು ಹೇಳ್ಬಾರ್ದಿತ್ತಾ?"

"ನೀನು ಎರಡನ್ನೂ ಬೇಡ ಅಂದಿದ್ದೆ."

"ಬೇಡ ಅಂತ ಎಲ್ಲಿ ಹೇಳಿದ್ದೇನೆ? ಒಂದನೇ ಸಲ ಕೇಳಿದ ಕೂಡಲೇ ಹೂಂ ಅನ್ಲಿಕ್ಕೆ ಆಗ್ತದಾ? ಆಸೆಬುರುಕಿ ಅಂತ ಹೇಳುದಿಲ್ವಾ ನೀವು? ಇನ್ನೊಂದು ಸಲ ಒತ್ತಾಯ ಮಾಡಿದ್ರೆ ಹೂಂ ಅಂತಿದ್ದೆ. ನನಗೂ ವಿಮಾನದಲ್ಲಿ ಕೂತ್ಕೊಳ್ಬೇಕು ಅಂತ ಇತ್ತು."

ಹೀಗೆಂದವಳು ಮಂಚದಡಿಯ ಟ್ರಂಕನ್ನು ಎಳೆದು ಮುಚ್ಚಳ ತೆಗೆದಳು. ಕೆಲವು ದಿನಗಳಿಂದ ಆ ಕೋಣೆಯಲ್ಲಿ ನಾನು ಸತ್ತ ಇಲಿಯನ್ನು ಹುಡುಕುತ್ತಿದ್ದೆ. ಟ್ರಂಕಿನ ಬಾಯಿಯ ತನಕ, ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಒಣಮೀನು. ಬಂಗುಡೆ ಬೇರೆ, ನಂಗ್ ಬೇರೆ, ಸಿಗಡಿ ಬೇರೆ.

"ಜಾಂಬಿಯಾ ಆದ್ರೂ ನಡೀತಿತ್ತು," ಎಂದು ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಗುಣಪಾಲರಿಗಾದರೂ ಕಟ್ಟಿಕೊಡೋಣವೆಂದರೆ ಅವರು ಜೈನರು. ಆ ಮಳೆಗಾಲ ಪೂರ್ತಿ, ಆಫ್ರಿಕಾಕ್ಕೆ ಹೊರಟಿದ್ದ ಮೀನನ್ನು ನಾವಿಬ್ಬರೂ ಉರ್ವದಲ್ಲೇ ಕೂತು ತಿಂದೆವು. "ಇನ್ನೂ ಸ್ವಲ್ಪ ಹಾಕ್ಲಾ?" ಎಂದು ಅವಳು ಕೇಳುತ್ತಿದ್ದಳು. ನಾನು ಒಂದನೇ ಸಲಕ್ಕೇ ಹೂಂ ಎನ್ನುತ್ತಿದ್ದೆ.